ಪೆಂಟಿಯಂ ತೆಗೆದು ಐ5 ಕೂರಿಸಿದ್ದು: ನನ್ನ ಅನುಭವ

ನನ್ನ ಡೆಸ್ಕ್‌ಟಾಪಿನಲ್ಲಿ ಇದ್ದದ್ದು ಎಚ್61 ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಮದರ್‌ಬೋರ್ಡ್ ಮತ್ತು ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಇಂಟೆಲ್ ಪ್ರೊಸೆಸರ್ ಪೆಂಟಿಯಂ ಜಿ630. ಎಸ್‌ಎಸ್‌ಡಿ (ವೇಗದ ಸಂಗ್ರಹ ಡ್ರೈವ್) ಹಾಕಿದ ಮೇಲೆ ಕಂಪ್ಯೂಟರ್ ಬೇಗ ತೆರೆದುಕೊಳ್ಳುತ್ತಿತ್ತು, ಆದರೆ ವಿಡಿಯೊ ಪರಿವರ್ತನೆಗೆ ಕೂತರೆ ಬೇರೆ ಯಾವ ಕೆಲಸಕ್ಕೂ ಒದಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ ಮತ್ತು ರ್‍ಯಾಮ್ ಆರಾಮವಾಗಿದ್ದು ಪ್ರೊಸೆಸರ್ ಮಾತ್ರ ಶೇ. 100ರಲ್ಲಿ ನಿಂತಿತ್ತು. ಹೀಗೆ ಕಾಣದಿದ್ದರೆ ಪ್ರೊಸೆಸರ್ ಬದಲಿಸುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ಮದರ್‌ಬೋರ್ಡನ್ನೂ ರ್‍ಯಾಮನ್ನೂ ಉಳಿಸಿಕೊಂಡರೆ ಮಾತ್ರ ಖರ್ಚು ಕಡಿಮೆಯಾಗುವುದರಿಂದ, ಅದೇ ಎಲ್‌ಜಿಎ 1155 ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದುವ ಪ್ರೊಸೆಸರನ್ನೇ ಹುಡುಕಬೇಕಾಯಿತು. 1156 ಮತ್ತು 1150 ಎಂಬ ಸಾಕೆಟ್‌ಗಳೂ ಇವೆ, ಅವುಗಳ ಚಿಪ್ ಇದರಲ್ಲಿ ಕೂರುವುದಿಲ್ಲ. ಬೋರ್ಡಿನ ನಿಖರವಾದ ಮಾದರಿಯನ್ನು ಸಿಪಿಯು-ಝಡ್ ತಂತ್ರಾಂಶದಲ್ಲಿ ನೋಡಿಕೊಂಡು, ತಯಾರಕರ ಜಾಲತಾಣದಲ್ಲಿರುವ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿಯಿಂದ 2012ರ ಐ5-3470 ಆರಿಸಿದೆ. ಇದಕ್ಕೆ ನಾಲ್ಕು ಕೋರ್‌ಗಳು, 3.2 ಗಿಗಾಹರ್ಟ್ಸ್ ಮೂಲ ವೇಗ, ಟರ್ಬೊದಲ್ಲಿ (ಹೊರೆ ಬಿದ್ದಾಗ ತಾನಾಗಿ ಏರುವ ವೇಗ) 3.6. ವಿದ್ಯುತ್ ಮಿತಿ ಹಳೆಯದಕ್ಕೆ 65 ವ್ಯಾಟ್ ಇದ್ದರೆ ಇದಕ್ಕೆ 77, ಆದ್ದರಿಂದ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಬದಲಿಸುವ ಪ್ರಮೇಯ ಬರಲಿಲ್ಲ. ಹೆಸರಿನ ಕೊನೆಗೆ ಕೆ ಅಕ್ಷರವಿರುವ ಮಾದರಿಗಳಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ, ಎಚ್61 ಅವುಗಳನ್ನು ಓವರ್‌ಕ್ಲಾಕ್ ಮಾಡಲು (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಲು) ಬಿಡುವುದಿಲ್ಲ. ಐ5-3350ಪಿಯಂಥವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದಿರುವುದರಿಂದ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನಂಥವರಿಗೆ ಅವೂ ಆಗುವುದಿಲ್ಲ.

ಇಡೀ ಕೆಲಸದಲ್ಲಿ ಎಚ್ಚರ ಬೇಕಾದದ್ದು ಬಯೋಸ್ (ಕಂಪ್ಯೂಟರ್ ಚಾಲೂ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ವಿಷಯದಲ್ಲಿ. ಎಚ್61 ಬಂದದ್ದು ಎರಡನೇ ತಲೆಮಾರಿನ ಪ್ರೊಸೆಸರ್‌ಗಳ ಕಾಲದಲ್ಲಿ, 3470 ಮೂರನೇ ತಲೆಮಾರಿನದು. ಹಳೆಯ ಬಯೋಸ್‌ಗೆ ಅದರ ಗುರುತೇ ಸಿಗದೆ ಪರದೆ ಕಪ್ಪಾಗಿಯೇ ಉಳಿಯಬಹುದು. ಆದ್ದರಿಂದ ಪೆಂಟಿಯಂ ಇನ್ನೂ ಸಾಕೆಟ್‌ನಲ್ಲಿರುವಾಗಲೇ, ಯುಪಿಎಸ್‌ಗೆ ಜೋಡಿಸಿಕೊಂಡು, ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಹಾಕಿದೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಟ್ಟುಹೋಗಬಹುದು. ಕೆಲವು ಬೋರ್ಡ್‌ಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕಾಗುತ್ತದೆ, ತಯಾರಕರ ಸೂಚನೆಯನ್ನು ಅಕ್ಷರಶಃ ಪಾಲಿಸುವುದು ಒಳ್ಳೆಯದು.

ಪ್ರೊಸೆಸರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ, ಎರಡು ಸಾವಿರ ರೂಪಾಯಿಗೂ ಕಡಿಮೆಯಾಯಿತು. ಮುಚ್ಚಳದ ಮೇಲೆ ಕೆತ್ತಿದ ಸಂಖ್ಯೆ ನೋಡಿ, ಅಂಗಡಿಯವರ ಬೋರ್ಡಿನಲ್ಲೇ ಒಮ್ಮೆ ಚಾಲೂ ಮಾಡಿಸಿ, ಆಮೇಲೆ ಹಣ ಕೊಟ್ಟೆ.

ಕೂರಿಸುವ ಕೆಲಸ ಬೇಗ ಮುಗಿಯಿತು. ಈ ಸಾಕೆಟ್‌ನಲ್ಲಿ ಸೂಕ್ಷ್ಮವಾದ ಪಿನ್‌ಗಳು ಇರುವುದು ಬೋರ್ಡಿನಲ್ಲೇ, ಹಾಗಾಗಿ ಅಲ್ಲಿ ಬೆರಳು ತಾಗಿಸದೆ, ಚಿಪ್‌ನ ಅಂಚಿನ ಕಚ್ಚುಗಳನ್ನು ಹೊಂದಿಸಿ ಮೆಲ್ಲಗೆ ಇಟ್ಟರೆ ಸಾಕು, ಒತ್ತಬಾರದು. ಒಣಗಿದ ಹಳೆಯ ಥರ್ಮಲ್ ಪೇಸ್ಟನ್ನು (ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ, ಕೂಲರ್‌ನ ನಾಲ್ಕು ಪಿನ್‌ಗಳನ್ನು ಕರ್ಣಾಕಾರವಾಗಿ ಒಂದಾದ ಮೇಲೊಂದು ಒತ್ತಿದೆ.

ವಿಡಿಯೊ ಪರಿವರ್ತನೆ ಈಗ ಮೊದಲಿನ ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ ಆಗುತ್ತದೆ. ಪೆಂಟಿಯಂ ಇದ್ದಾಗ 1066ರ ವೇಗಕ್ಕೆ ಇಳಿದಿದ್ದ 1600ರ ಡಿಡಿಆರ್3 ರ್‍ಯಾಮ್ ಕೂಡ ತನ್ನ ಪೂರ್ಣ ವೇಗಕ್ಕೆ ಬಂದದ್ದು ಎಣಿಸದೆ ಸಿಕ್ಕ ಲಾಭ. ವಿಂಡೋಸ್ 11ರ ಅಧಿಕೃತ ಬೆಂಬಲ ಮಾತ್ರ ಈ ಪ್ರೊಸೆಸರ್‌ಗೂ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಹಾಗಾಗಿ ನಾನು ಇದರಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡಿದ್ದೇನೆ.