ಮಾರ್ಸೇಯಲ್ಲಿ ಎರಡು ದಿನ: ಗಾಳಿ ನೋಡಿ ಯೋಜನೆ ಹಾಕುವ ಬಗೆ

ಫ್ರಾನ್ಸಿನ ದಕ್ಷಿಣ ಕರಾವಳಿಯ ಮಾರ್ಸೇ ನಗರಕ್ಕೆ ವಾರಾಂತ್ಯ ಕಳೆಯಲು ಹೋಗುವವರು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಉದ್ದನೆಯ ಪಟ್ಟಿಯೊಂದನ್ನು ಸಿದ್ಧಮಾಡಿಕೊಂಡು, ಅದನ್ನು ಶನಿವಾರ ಮತ್ತು ಭಾನುವಾರಕ್ಕೆ ಸಮನಾಗಿ ಹಂಚಿಬಿಡುತ್ತಾರೆ. ಈ ಊರಿನಲ್ಲಿ ಆ ಕ್ರಮ ಕೈಕೊಡುವ ಸಂಭವವೇ ಹೆಚ್ಚು. ರೋನ್ ನದಿಯ ಕಣಿವೆಗುಂಟ ಉತ್ತರದಿಂದ ನುಗ್ಗಿಬರುವ ಮಿಸ್ತ್ರಾಲ್ ಎಂಬ ಒಣ, ತಣ್ಣನೆಯ ಗಾಳಿ ಎದ್ದ ದಿನ ಆಕಾಶವೇನೋ ನಿಚ್ಚಳವಾಗಿ ಹೊಳೆಯುತ್ತದೆ, ಆದರೆ ದ್ವೀಪಗಳಿಗೆ ಹೋಗುವ ದೋಣಿಗಳು ದಡದಲ್ಲೇ ನಿಂತುಬಿಡಬಹುದು. ಆದುದರಿಂದ ಎರಡು ದಿನಗಳ ಪೈಕಿ ಅರ್ಧ ದಿನವನ್ನು ಸಮುದ್ರಕ್ಕೆಂದು ಮೀಸಲಿಟ್ಟು, ಅದು ಯಾವ ಅರ್ಧ ದಿನ ಎಂಬುದನ್ನು ಶುಕ್ರವಾರ ರಾತ್ರಿ ಗಾಳಿಯ ಮುನ್ಸೂಚನೆಯನ್ನು ನೋಡಿದ ಬಳಿಕವಷ್ಟೇ ತೀರ್ಮಾನಿಸುವುದು ಒಳ್ಳೆಯದು. ಉಳಿದ ಕಾರ್ಯಕ್ರಮವನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಮತ್ತು ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು ಇಂತಹ ಕಿರುಪ್ರವಾಸಕ್ಕೆ ಹೇಳಿಮಾಡಿಸಿದಂತಿವೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಬಿಸಿಲು ಮತ್ತು ಜನಸಂದಣಿ ಎರಡೂ ವಿಪರೀತ. ಪ್ಯಾರಿಸ್ಸಿನಿಂದ ಅತಿವೇಗದ ರೈಲು ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯದಲ್ಲಿ ಸಾಂ-ಶಾರ್ಲ್ ನಿಲ್ದಾಣಕ್ಕೆ ತಲುಪಿಸುತ್ತದೆ. ವಿಮಾನದಲ್ಲಿ ಬಂದವರಿಗೆ ಅದೇ ನಿಲ್ದಾಣಕ್ಕೆ ನೇರ ಬಸ್ಸು ಇದೆ. ಅಲ್ಲಿಂದ ಒಂದನೇ ಮಾರ್ಗದ ಮೆಟ್ರೋ ಹಿಡಿದರೆ ಎರಡನೆಯ ನಿಲ್ದಾಣವೇ ವ್ಯೂ-ಪೋರ್, ಅಂದರೆ ಹಳೆಯ ಬಂದರು. ವಸತಿಯನ್ನು ಈ ಬಂದರಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಹಿಡಿಯುವುದು ಉತ್ತಮ. ದೂರದಲ್ಲಿ ಅಗ್ಗದ ಕೋಣೆ ಸಿಕ್ಕಿತೆಂದು ಹೋದರೆ, ಉಳಿಸಿದ ಹಣಕ್ಕಿಂತ ಕಳೆದ ಸಮಯದ ಬೆಲೆಯೇ ಹೆಚ್ಚಾಗುತ್ತದೆ. ಎಕ್ಸ್ ಮತ್ತು ಕಾಸ್ಸಿ ಊರುಗಳು ಹತ್ತಿರವೇ ಇವೆಯೆಂಬ ಆಸೆಗೆ ಬಿದ್ದು ಅವುಗಳನ್ನೂ ಸೇರಿಸಿಕೊಳ್ಳುವುದು ಬೇಡ. ಎರಡು ದಿನಕ್ಕೆ ಮಾರ್ಸೇಯೊಂದೇ ಸಾಕು.

ಶನಿವಾರದ ಬೆಳಗನ್ನು ಹಳೆಯ ಬಂದರಿನಿಂದಲೇ ಆರಂಭಿಸಬೇಕು. ಕ್ರಿ.ಪೂ. 600ರ ಸುಮಾರಿಗೆ ಏಷ್ಯಾ ಮೈನರ್‌ನ ಫೋಕಾಯಿಯಾ ಪಟ್ಟಣದ ಗ್ರೀಕರು ನೆಲೆಯೂರಿದ್ದು ಇದೇ ಕೊಲ್ಲಿಯ ದಡದಲ್ಲಿ. ಬಂದರಿನ ಪೂರ್ವ ತುದಿಯ ಕಟ್ಟೆಯ ಮೇಲೆ ಬೆಳಿಗ್ಗೆ ಮೀನುಗಾರರು ತಮ್ಮ ದೋಣಿಗಳ ಮುಂದೆಯೇ ಮೇಜು ಹಾಕಿಕೊಂಡು ಮೀನು ಮಾರುತ್ತಾರೆ. ಆಳವಿಲ್ಲದ ತಟ್ಟೆಗಳಲ್ಲಿ ಒಂದಿಷ್ಟು ನೀರು, ಅದರಲ್ಲಿ ಇನ್ನೂ ಕಿವಿರು ಆಡಿಸುತ್ತಿರುವ ಮೀನು, ಮುಳ್ಳುಮುಳ್ಳಾದ ಕೆಂಪು ರಾಸ್ಕಾಸ್, ಒಂದೆಡೆ ಸುತ್ತಿಕೊಂಡು ಬಿದ್ದಿರುವ ಹಾವುಮೀನು, ಇವನ್ನೆಲ್ಲ ನೋಡಬೇಕೆಂದರೆ ಒಂಬತ್ತು ಗಂಟೆಯ ಆಸುಪಾಸಿನಲ್ಲಿ ಅಲ್ಲಿರಬೇಕು. ಮಧ್ಯಾಹ್ನದ ಹೊತ್ತಿಗೆ ಮೇಜುಗಳನ್ನು ತೊಳೆದು ಎತ್ತಿಟ್ಟಿರುತ್ತಾರೆ. ಪಕ್ಕದಲ್ಲೇ ನಾರ್ಮನ್ ಫೋಸ್ಟರ್ ವಿನ್ಯಾಸಗೊಳಿಸಿ 2013ರಲ್ಲಿ ಪೂರ್ಣಗೊಂಡ ಉಕ್ಕಿನ ಚಪ್ಪರವಿದೆ. ಕನ್ನಡಿಯಂತೆ ಹೊಳಪು ಕೊಟ್ಟ ಅದರ ಒಳಮೈಯಲ್ಲಿ ಕೆಳಗೆ ನಡೆದಾಡುವವರೆಲ್ಲ ತಲೆಕೆಳಗಾಗಿ ಕಾಣುತ್ತಾರೆ.

ಬಂದರಿನ ಉತ್ತರ ದಡದ ಕಟ್ಟಡಗಳು ಇಷ್ಟು ಹಳೆಯ ಊರಿಗೆ ಹೊಂದದಷ್ಟು ಹೊಸದಾಗಿ ಏಕೆ ಕಾಣುತ್ತವೆ ಎಂಬ ಪ್ರಶ್ನೆ ಏಳಬಹುದು. 1943ರಲ್ಲಿ ಜರ್ಮನ್ ಪಡೆಗಳು ಅಲ್ಲಿನ ಸಾವಿರಾರು ನಿವಾಸಿಗಳನ್ನು ಹೊರಗಟ್ಟಿ, ಆ ಭಾಗವನ್ನು ಸಿಡಿಮದ್ದಿಟ್ಟು ನೆಲಸಮ ಮಾಡಿದವು. ಈಗಿರುವುದು ಯುದ್ಧದ ನಂತರ ಕಟ್ಟಿದ್ದು. ಅದರ ಹಿಂದಿನ ಏರಿನಲ್ಲಿ ಉಳಿದುಕೊಂಡ ಹಳೆಯ ಕೇರಿಯೇ ಲ ಪನಿಯೇ. ಇಲ್ಲಿ ನಕ್ಷೆ ಹಿಡಿದು ನಡೆಯುವ ಅಗತ್ಯವಿಲ್ಲ. ಏರುತ್ತ ಹೋದರೆ ವಿಯೇಯ್ ಶಾರಿತೆ ಸಿಗುತ್ತದೆ, ಇಳಿಯುತ್ತ ಹೋದರೆ ಸಮುದ್ರ ಸಿಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಡವರನ್ನು ಕೂಡಿಹಾಕಲೆಂದು ಪಿಯೆರ್ ಪ್ಯುಜೆ ವಿನ್ಯಾಸಗೊಳಿಸಿದ ವಿಯೇಯ್ ಶಾರಿತೆಯಲ್ಲಿ ಈಗ ವಸ್ತುಸಂಗ್ರಹಾಲಯಗಳಿವೆ. ಅವುಗಳನ್ನು ಬಿಟ್ಟರೂ ಅಡ್ಡಿಯಿಲ್ಲ, ಆದರೆ ಮೂರು ಅಂತಸ್ತಿನ ಕಮಾನುಗಳು ಸುತ್ತುವರಿದ ಅಂಗಳವನ್ನೂ ನಡುವಿನ ಅಂಡಾಕಾರದ ಗುಮ್ಮಟವನ್ನೂ ನೋಡದೆ ಹೋಗಬಾರದು.

ಕೇರಿಯಿಂದ ಕೆಳಗಿಳಿದರೆ ಕಾಲುಸೇತುವೆಯೊಂದು ಸಾಂ-ಜಾಂ ಕೋಟೆಗೂ, ಅಲ್ಲಿಂದ ಇನ್ನೊಂದು ಸೇತುವೆ ನೀರಿನ ಮೇಲಿಂದ ಹಾದು ಮ್ಯೂಸೆಮ್ ಎಂಬ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯುತ್ತವೆ. ರೂಡಿ ರಿಚ್ಚೋತಿ ವಿನ್ಯಾಸದ, 2013ರಲ್ಲಿ ತೆರೆದ ಈ ಕಟ್ಟಡಕ್ಕೆ ಕಾಂಕ್ರೀಟಿನ ಜಾಲರಿಯೇ ಹೊದಿಕೆ. ಪ್ರದರ್ಶನಗಳಿಗೆ ಟಿಕೆಟ್ ಬೇಕು. ಕೋಟೆಯ ಅಂಗಳ, ತೋಟ ಮತ್ತು ಕಟ್ಟಡದ ತಾರಸಿಗೆ ಪ್ರವೇಶ ಉಚಿತ. ಸಮಯದ ಅಭಾವವಿದ್ದವರು ಜಾಲರಿ ಮತ್ತು ಒಳಗೋಡೆಯ ನಡುವೆ ಸುತ್ತಿಕೊಂಡು ಏರುವ ಇಳಿಜಾರು ದಾರಿಯಲ್ಲಿ ನಡೆದು ತಾರಸಿ ತಲುಪಿದರೆ, ಟಿಕೆಟಿಲ್ಲದೆಯೇ ಕಟ್ಟಡದ ಒಳ್ಳೆಯ ಭಾಗವನ್ನು ಕಂಡಂತಾಗುತ್ತದೆ.

ಗಾಳಿ ಜೋರಾಗಿರುವ ಅರ್ಧ ದಿನವನ್ನು ಕಳೆಯಲು ಪಕ್ಕದ ಕಟ್ಟಡದಲ್ಲಿರುವ ಕೋಸ್ಕೇರ್ ಗುಹೆಯ ಪ್ರತಿಕೃತಿ ತಕ್ಕ ಜಾಗ. ಮೂಲ ಗುಹೆಯ ಬಾಯಿ ಊರಿನಾಚೆ ಕಲಾಂಕ್ ಎಂಬ ಕಡಿದಾದ ಕೊಲ್ಲಿಗಳ ಕರಾವಳಿಯಲ್ಲಿ ಸಮುದ್ರದ 37 ಮೀಟರ್ ಆಳದಲ್ಲಿದೆ. ಹಿಮಯುಗದ ಜನ ಅಲ್ಲಿ ಚಿತ್ರ ಬಿಡಿಸುವಾಗ ಕಡಲು ಬಹಳ ಕೆಳಗಿತ್ತು. ಮುಳುಗುಗಾರ ಆನ್ರಿ ಕೋಸ್ಕೇರ್ ಕಂಡುಹಿಡಿದ ಈ ಗುಹೆ 1991ರಲ್ಲಿ ಲೋಕಕ್ಕೆ ತಿಳಿಯಿತು. ಪ್ರತಿಕೃತಿ ತೆರೆದದ್ದು 2022ರಲ್ಲಿ. ಪ್ರವೇಶಕ್ಕೆ ವೇಳೆ ನಿಗದಿಯಾಗಿರುವುದರಿಂದ ಟಿಕೆಟನ್ನು ಮೊದಲೇ ಕಾದಿರಿಸಬೇಕು.

ಸಮುದ್ರಕ್ಕೆಂದು ಮೀಸಲಿಟ್ಟ ಅರ್ಧ ದಿನವನ್ನು ಮೂರು ಬಗೆಯಲ್ಲಿ ಕಳೆಯಬಹುದು. ಮೊದಲನೆಯದು ದ್ವೀಪಗಳು. ಹಳೆಯ ಬಂದರಿನಿಂದ ಹೊರಡುವ ದೋಣಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಇಫ್ ದ್ವೀಪ ಮುಟ್ಟುತ್ತದೆ. ಮೊದಲನೆಯ ಫ್ರಾನ್ಸ್ವಾ ಅರಸ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಕೋಟೆ ಮುಂದೆ ಸೆರೆಮನೆಯಾಗಿ ಹೆಸರಾಯಿತು. ಒಪ್ಪತಕ್ಕ ಜಾಗವೇ, ಆದರೆ ಅದರ ಖ್ಯಾತಿಯ ದೊಡ್ಡ ಪಾಲು ಅಲೆಕ್ಸಾಂಡರ್ ದ್ಯೂಮಾನ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯ ಕೊಡುಗೆ; ಅದರಾಚೆಯ ಫ್ರಿಯೂಲ್ ದ್ವೀಪಗಳಲ್ಲಿ ಹೊತ್ತು ಕಳೆಯುವುದೇ ಹೆಚ್ಚು ಲಾಭದಾಯಕ ಎನ್ನಬೇಕು. ಬಿಳಿ ಸುಣ್ಣಕಲ್ಲಿನ ಈ ಬೋಳು ದ್ವೀಪಗಳಲ್ಲಿ ಈಜಲು ತಿಳಿನೀರಿನ ಪುಟ್ಟ ಕೊಲ್ಲಿಗಳಿವೆ, ಸೋಂಕಿನ ಹಡಗುಗಳವರನ್ನು ಪ್ರತ್ಯೇಕವಾಗಿಡಲು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಆಸ್ಪತ್ರೆಯೂ ಇದೆ. 1720ರಲ್ಲಿ ಪೂರ್ವದೇಶದಿಂದ ಬಂದ ಹಡಗೊಂದು ತಂದ ಪ್ಲೇಗಿಗೆ ಊರಿನ ಅರ್ಧಕ್ಕೆ ಹತ್ತಿರ ಜನ ಬಲಿಯಾಗಿದ್ದರು ಎಂಬುದನ್ನು ನೆನೆದರೆ ಆ ಎಚ್ಚರಿಕೆ ಅರ್ಥವಾಗುತ್ತದೆ. ಇಫ್‌ನಲ್ಲಿ ದೋಣಿ ಕಟ್ಟುವ ಕಟ್ಟೆ ಗಾಳಿಗೆ ತೆರೆದಿರುವುದರಿಂದ, ಫ್ರಿಯೂಲ್‌ಗೆ ದೋಣಿ ಹೋಗುವ ದಿನವೂ ಇಫ್‌ನಲ್ಲಿ ಇಳಿಯಲಾಗದೆ ಇರಬಹುದು. ಟಿಕೆಟ್ ಕೊಳ್ಳುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು.

ಎರಡನೆಯದು ಕಲಾಂಕ್‌ಗಳು, ಅಂದರೆ ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವೆ ಒಳಚಾಚಿದ ಕಿರಿದಾದ ಕಡಲ ಕೊಲ್ಲಿಗಳು. 2012ರಲ್ಲಿ ಇವು ರಾಷ್ಟ್ರೀಯ ಉದ್ಯಾನವಾದವು. ಲ್ಯುಮಿನಿ ವಿಶ್ವವಿದ್ಯಾಲಯದ ಆವರಣದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಗಂಟೆಯಷ್ಟು ನಡೆದರೆ ಸ್ಯುಜಿತೋಂ ಕೊಲ್ಲಿ ತಲುಪಬಹುದು. ಇಲ್ಲಿ ಎರಡು ನಿಯಮಗಳನ್ನು ಮರೆಯುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡ್ಗಿಚ್ಚಿನ ಅಪಾಯವನ್ನು ಅಳೆದು, ಗುಡ್ಡಗಳಿಗೆ ಪ್ರವೇಶವಿದೆಯೋ ಇಲ್ಲವೋ ಎಂಬುದನ್ನು ಆಡಳಿತ ಹಿಂದಿನ ಸಂಜೆ ಪ್ರಕಟಿಸುತ್ತದೆ. ಇದಲ್ಲದೆ, ಜನರ ಕಾಲ್ತುಳಿತಕ್ಕೆ ಮಣ್ಣು ಸವೆದು ಮರಗಳ ಬೇರು ಹೊರಬಿದ್ದ ಕಾರಣ, 2022ರಿಂದ ಬೇಸಿಗೆಯ ನಿಗದಿತ ದಿನಗಳಲ್ಲಿ ಸ್ಯುಜಿತೋಂಗೆ ದಿನಕ್ಕೆ 400 ಮಂದಿಗಷ್ಟೇ ಪ್ರವೇಶ. ಇದನ್ನು ಉಚಿತವಾಗಿ ಆದರೆ ಮುಂಗಡವಾಗಿ ಕಾದಿರಿಸಿಕೊಳ್ಳಬೇಕು. ದಾರಿಯಲ್ಲಿ ಕುಡಿಯುವ ನೀರಾಗಲಿ ನೆರಳಾಗಲಿ ಹೆಚ್ಚಿಗೆ ಸಿಗುವುದಿಲ್ಲ, ನುಣುಪಾದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ. ಮಿಸ್ತ್ರಾಲ್ ಬೀಸಿಹೋದ ಮರುದಿನ ನಡುಬೇಸಿಗೆಯಲ್ಲೂ ಇಲ್ಲಿನ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದೂರ ತಳ್ಳಿ, ಆಳದ ನೀರು ಅದರ ಜಾಗಕ್ಕೆ ಏರಿಬರುವುದೇ ಇದಕ್ಕೆ ಕಾರಣ.

ಮೂರನೆಯದಕ್ಕೆ ಯಾವ ಸಿದ್ಧತೆಯೂ ಬೇಡ: ಕೋರ್ನಿಶ್ ಎಂಬ ಕಡಲತಡಿಯ ರಸ್ತೆಗುಂಟ ನಡೆದು, ಸೇತುವೆಯ ಕಮಾನುಗಳ ಕೆಳಗೆ ಅಡಗಿರುವ ವಾಲೋಂ ದೆಜೋಫ್ ಎಂಬ ಪುಟ್ಟ ಮೀನುಗಾರರ ಬಂದರಿಗೆ ಇಳಿದು, ದಣಿವಾದಾಗ 83ನೇ ಸಂಖ್ಯೆಯ ಬಸ್ಸಿನಲ್ಲಿ ಹಿಂದಿರುಗುವುದು.

ನೋತ್ರ್-ದಾಮ್ ದ ಲಾ ಗಾರ್ದ್ ಇಗರ್ಜಿಯನ್ನು ಹುಡುಕಬೇಕಾಗಿಲ್ಲ. ಸುಮಾರು 150 ಮೀಟರ್ ಎತ್ತರದ ಗುಡ್ಡದ ಮೇಲಿಂದ ಅದರ ಚಿನ್ನದ ಲೇಪದ ಮೇರಿಯ ಪ್ರತಿಮೆ ಊರಿನ ಎಲ್ಲ ಮೂಲೆಗೂ ಕಾಣುತ್ತದೆ. ನಡೆದು ಹತ್ತುವುದು ಶ್ರಮದ ಕೆಲಸ, ಆದ್ದರಿಂದ ಬಂದರಿನಿಂದ 60ನೇ ಸಂಖ್ಯೆಯ ಬಸ್ಸಿನಲ್ಲಿ ಹೋಗಿ ಇಳಿಯುವಾಗ ನಡೆದು ಬರುವುದು ಜಾಣತನ. 1864ರಲ್ಲಿ ಪ್ರತಿಷ್ಠಾಪನೆಗೊಂಡ ಇಗರ್ಜಿಯ ಒಳಗೆ, ಬಿರುಗಾಳಿಯಿಂದ ಪಾರಾದ ನಾವಿಕರು ಹರಕೆಯಾಗಿ ಒಪ್ಪಿಸಿದ ಪುಟಾಣಿ ಹಡಗುಗಳು ದಾರದಲ್ಲಿ ತೂಗುತ್ತಿರುತ್ತವೆ. ಹೊರಗೋಡೆಯಲ್ಲಿ, ಊರನ್ನು ಜರ್ಮನ್ನರಿಂದ ಬಿಡಿಸಿದ 1944ರ ಆಗಸ್ಟ್ ಕಾಳಗದ ಗುಂಡಿನ ಗುರುತುಗಳನ್ನು ಹಾಗೆಯೇ ಉಳಿಸಿದ್ದಾರೆ.

ಊಟದ ವಿಷಯದಲ್ಲಿ ಬುಯಾಬೆಸ್ ಎಂಬ ಮೀನಿನ ಸಾರನ್ನು ಕುರಿತು ಎರಡು ಮಾತು ಹೇಳಲೇಬೇಕು. ಸಾಂಪ್ರದಾಯಿಕ ಕ್ರಮದಲ್ಲಿ ಹಲವು ಬಗೆಯ ಕಲ್ಲುಬಂಡೆಯ ಮೀನುಗಳನ್ನು ಕೇಸರಿಯೊಂದಿಗೆ ಬೇಯಿಸಿ, ಸಾರನ್ನು ಬೆಳ್ಳುಳ್ಳಿ ಹಚ್ಚಿದ ಬ್ರೆಡ್ಡಿನ ಜೊತೆಗೂ ಮೀನನ್ನು ಬೇರೆ ತಟ್ಟೆಯಲ್ಲೂ ಬಡಿಸುತ್ತಾರೆ. ಇಷ್ಟು ಮೀನು ಬೇಕಾಗುವ ಅಡುಗೆ ಅಗ್ಗವಾಗಿರಲು ಸಾಧ್ಯವಿಲ್ಲ. ಬಂದರಿನ ಬದಿಯಲ್ಲಿ ಫಲಕ ಹಾಕಿ ಕಡಿಮೆ ಬೆಲೆಗೆ ಕೊಡುವುದನ್ನು ತಿನ್ನುವುದಕ್ಕಿಂತ ಅದನ್ನು ಕೈಬಿಡುವುದೇ ಲೇಸು. ಮೀನು ತಿನ್ನದವರಿಗೆ ಕಡಲೆಹಿಟ್ಟನ್ನು ಬೇಯಿಸಿ, ಆರಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿದ ಪನಿಸ್ ಇದೆ, ಸೌದೆ ಒಲೆಯ ಪಿಜ್ಜಾವೂ ಇದೆ. ಆದರೆ ಇಲ್ಲಿನ ಪಿಜ್ಜಾದ ಮೇಲೆ ಸಣ್ಣ ಉಪ್ಪುಮೀನು ಹಾಕುವ ರೂಢಿಯಿರುವುದರಿಂದ ಬೇಡವೆಂದು ಮೊದಲೇ ಹೇಳಬೇಕು. ನೊಆಯ್ ಪ್ರದೇಶದ ಮಾರುಕಟ್ಟೆಯ ಸುತ್ತ ಉತ್ತರ ಆಫ್ರಿಕಾ ಮೂಲದವರ ಅಂಗಡಿಗಳಲ್ಲಿ ಹೊಟ್ಟೆತುಂಬ ಊಟ ಮಿತವ್ಯಯದಲ್ಲಿ ಸಿಗುತ್ತದೆ. ಆ ಜನಜಂಗುಳಿಯಲ್ಲಿ ಜೇಬಿನ ಮೇಲೊಂದು ಕಣ್ಣಿರಲಿ.

ಭಾನುವಾರ ಅನೇಕ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಖರೀದಿಯನ್ನು ಶನಿವಾರವೇ ಮುಗಿಸಬೇಕು. ಮಾರ್ಸೇ ಸಾಬೂನು ಎಂಬ ಹೆಸರನ್ನು ಯಾರು ಬೇಕಾದರೂ ಬಳಸುತ್ತಿರುವುದರಿಂದ, ಬಣ್ಣಬಣ್ಣದ ಸುವಾಸನೆಯ ತುಂಡುಗಳನ್ನು ಬಿಟ್ಟು, ಎಣ್ಣೆಯ ಅಂಶ 72 ಶೇಕಡಾ ಎಂದು ಅಚ್ಚೊತ್ತಿದ, ಬಣ್ಣ ಮತ್ತು ಸುಗಂಧ ಬೆರೆಸದ ಘನಾಕೃತಿಯ ಸಾಬೂನನ್ನು ಕೇಳಿ ಪಡೆಯಬೇಕು. ಸಾಂ-ವಿಕ್ತೋರ್ ಮಠದ ಬಳಿ 1781ರಿಂದ ನಡೆಯುತ್ತಿರುವ ಬೇಕರಿಯ ದೋಣಿಯಾಕಾರದ ನವೆತ್ ಬಿಸ್ಕತ್ತುಗಳು ಗಟ್ಟಿಯಾಗಿದ್ದು ಬಹುಕಾಲ ಕೆಡುವುದಿಲ್ಲ. ಹೊರಡುವಾಗ ರೈಲು ನಿಲ್ದಾಣಕ್ಕೆ ಮೆಟ್ರೋದಲ್ಲೇ ಹೋಗುವುದು ಕ್ಷೇಮ. ಸಾಂ-ಶಾರ್ಲ್‌ನ ಮುಂದಿನ ಭವ್ಯ ಸೋಪಾನಕ್ಕೆ 104 ಮೆಟ್ಟಿಲುಗಳಿವೆ, ಅವುಗಳನ್ನು ಪೆಟ್ಟಿಗೆಯೊಂದಿಗೆ ಇಳಿಯುವುದೇನೋ ಸರಿ, ಹತ್ತುವುದು ಬೇಡ.