ಮೂರು ಬೆರಳು ಹೋಗ್ತದಾ?

ನನ್ನ ಕುರ್ಚಿಯಲ್ಲಿ ಬಂದು ಕೂತವರಿಗೆ ಮೊದಲು ಹೇಳುವ ಮಾತು ಒಂದೇ. "ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗ್ತದಾ?" ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕ್ಲಿನಿಕ್ ಇಟ್ಟವನು ಇದನ್ನು ಒಂದೇ ಬೆಳಗ್ಗೆ ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕರಲ್ಲೂ ಹೇಳಬೇಕಾಗುತ್ತದೆ. ಅದಕ್ಕಿಂತ ನಾನೇ ಬಾಯಿಗೆ ಬೆರಳಿಟ್ಟು ತೋರಿಸುವುದು ಸುಲಭ. ದೊಡ್ಡವರ ಬಾಯಿ ಸಾಧಾರಣವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಅಳೆಯಲಿಕ್ಕೆ ನನ್ನ ಹತ್ತಿರ ಸ್ಕೇಲ್ ಉಂಟು. ಆದರೆ ಮನೆಗೆ ಹೋದ ಮೇಲೆ ಅವರ ಕೈಯಲ್ಲಿರುವುದು ಬೆರಳು ಮಾತ್ರ, ಅದೂ ಅವರವರ ಬಾಯಿಯ ಅಳತೆಯದ್ದೇ.

ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ. ಬಿ.ಡಿ.ಎಸ್. ಮುಗಿಸಿ ಮತ್ತೆ ಮೂರು ವರ್ಷ ಇದನ್ನೇ ಕಲಿತದ್ದು. ಊರಿನವರ ಬಾಯಲ್ಲಿ ಈಗಲೂ "ಹಲ್ಲು ತೆಗೆಯುವ ಡಾಕ್ಟ್ರು". ಅದಕ್ಕೆ ಬೇಜಾರಿಲ್ಲ. ಬೇಜಾರಾಗುವುದು, ದವಡೆ ಮುರಿದವರು ಮೊದಲು ಮೂಳೆ ಡಾಕ್ಟ್ರಲ್ಲಿಗೆ, ಅಲ್ಲಿಂದ ಕಿವಿ ಮೂಗು ಗಂಟಲಿನವರಲ್ಲಿಗೆ ಹೋಗಿ ನನ್ನಲ್ಲಿಗೆ ಮುಟ್ಟುವಾಗ ಹತ್ತು ದಿನ ಕಳೆದಿರುವುದಕ್ಕೆ.

2020ರ ಮಾರ್ಚ್ ಕೊನೆ, ಕೊರೋನಾ ಕಾಲ. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿತ್ತು, ನನ್ನ ಕ್ಲಿನಿಕ್ಕಿಗೂ ಬೀಗ. ಇಪ್ಪತ್ತನಾಲ್ಕರ ಹುಡುಗನೊಬ್ಬ ಫೋನು ಮಾಡಿದ.

"ಡಾಕ್ಟ್ರೇ, ಬಾಯಿ ತೆರೀಲಿಕ್ಕೆ ಆಗುದಿಲ್ಲ."

"ಎಷ್ಟು ಬೆರಳು ಹೋಗ್ತದೆ?"

"ಒಂದು. ಅದೂ ಸರೀ ಹೋಗುದಿಲ್ಲ."

ಕೆಳದವಡೆಯ ಕಟ್ಟಕಡೆಯ ಬುದ್ಧಿಹಲ್ಲು ಅರ್ಧ ಹೊರಗೆ, ಅರ್ಧ ವಸಡಿನೊಳಗೆ. ಆ ವಸಡಿನ ಮುಚ್ಚಳದ ಅಡಿಯಲ್ಲಿ ಅನ್ನದ ಅಗುಳು ಸೇರಿ ಕೀವಾಗಿತ್ತು. ಒಂದು ವಾರ ಮೆಡಿಕಲ್ಲಿನಿಂದ ಮಾತ್ರೆ ತಂದು ನುಂಗಿದ್ದ. ಇಷ್ಟಾದರೆ ಹೆದರಬೇಕಾಗಿರಲಿಲ್ಲ. ನನ್ನ ಕಿವಿ ನೆಟ್ಟಗಾದದ್ದು ಅವನ ಸ್ವರಕ್ಕೆ. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಮಾತಾಡುವವರ ಹಾಗೆ ಕೇಳುತ್ತಿತ್ತು. "ಎಂಜಲು ನುಂಗ್ಲಿಕ್ಕೆ ಆಗ್ತದಾ?" ಅಂತ ಕೇಳಿದೆ. ಇಲ್ಲ, ಬಟ್ಟೆಯಲ್ಲಿ ಒರಸಿಕೊಳ್ಳುತ್ತಿದ್ದೇನೆ ಅಂದ.

ಬಂದಾಗ ನೋಡಿದರೆ ದವಡೆಯ ಅಡಿ ಎರಡೂ ಪಕ್ಕ ಬಾತು, ಒತ್ತಿದರೆ ಎಳೆ ಹಲಸಿನಕಾಯಿಯ ಹಾಗೆ ಗಟ್ಟಿ. ನಾಲಿಗೆ ಮೇಲಕ್ಕೆದ್ದು ಅಂಗುಳಕ್ಕೆ ತಾಗುತ್ತಿತ್ತು. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ಬರೆದಿಟ್ಟ ರೋಗ ಇದು. ಹಲ್ಲಿನ ಕೀವು ನಾಲಿಗೆಯ ಬುಡಕ್ಕೆ ಇಳಿದು, ಕುತ್ತಿಗೆಗೆ ಹರಡಿ, ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಕ್ಲಿನಿಕ್ಕಿನಲ್ಲಿ ಕೈ ಹಾಕುವಂಥದ್ದಲ್ಲ. ಬೇರೆ ದಿನವಾದರೆ ಕಣ್ಣುಮುಚ್ಚಿ ಮಂಗಳೂರಿಗೆ ಕಳಿಸುತ್ತಿದ್ದೆ. ಅಂದು ಆಂಬುಲೆನ್ಸನ್ನು ತೆಂಕಕ್ಕೆ, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿನ ಕಡೆ ತಿರುಗಿಸಬೇಕಾಯಿತು. ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ ಎಂದು ಡ್ರೈವರಿಗೆ ಎರಡೆರಡು ಸಲ ಹೇಳಿದೆ. ಅಲ್ಲಿ ದವಡೆಯಡಿ ಕೊಯ್ದು ಕೀವು ಹರಿಯಬಿಟ್ಟು, ಹಲ್ಲೂ ತೆಗೆದು ಉಳಿಸಿದರು. ಈಗ ಅವನ ಗಡ್ಡದ ಮರೆಯಲ್ಲಿ ಎರಡು ಗೀಟು ಕಲೆ ಮಾತ್ರ ಉಂಟು.

ಈ ಕತೆ ಕೇಳಿದ ಕೂಡಲೇ "ಹಾಗಾದ್ರೆ ನನ್ನ ನಾಲ್ಕೂ ತೆಗ್ದುಬಿಡಿ" ಅನ್ನುವವರು ಉಂಟು. ಬೇಡ. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆ ಅಂತ ಕೀಳುವುದು ಬೇಡವೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2000ದಲ್ಲೇ ಹೇಳಿದೆ, ನನ್ನ ಕ್ರಮವೂ ಬಹುಮಟ್ಟಿಗೆ ಅದೇ. ಎರಡು ಮೂರು ಸಲ ಬಾತದ್ದು, ಅಡ್ಡ ಮಲಗಿ ಪಕ್ಕದ ಒಳ್ಳೆಯ ದವಡೆಹಲ್ಲನ್ನು ಹುಳುಕು ಮಾಡುತ್ತಿರುವುದು, ಸುತ್ತ ನೀರುಗುಳ್ಳೆ ಕಟ್ಟಿಕೊಂಡದ್ದು, ಇಂಥವನ್ನು ತೆಗೆಯುತ್ತೇನೆ. ತೆಗೆಯುವ ಮೊದಲು ಎಕ್ಸ್‌ರೇ ಎದುರು ಹಿಡಿದು, ಬೇರಿನ ಅಡಿಯಲ್ಲೇ ಹೋಗುವ ನರದ ದಾರಿ ತೋರಿಸುತ್ತೇನೆ. ಅದಕ್ಕೆ ಪೆಟ್ಟಾದರೆ ಕೆಳತುಟಿಯ ಅರ್ಧ ಭಾಗ ಜೋಮು ಹಿಡಿದಂತಿರುತ್ತದೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಯಾಗುತ್ತದೆ, ಅಪರೂಪಕ್ಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಎಚ್ಚರಿಕೆ, ಆಮೇಲೆ ಹೇಳಿದರೆ ನೆಪ. ಮತ್ತೆ ಬೀಡಿ. ತೆಗೆದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಬೀಡಿ ಎಳೆದು ಅದು ಹೋಯಿತೆಂದರೆ ಮೂರನೆಯ ದಿನ ಕಿವಿಯವರೆಗೆ ಸಿಡಿಯುತ್ತದೆ. ಹೇಳಿದ್ದೆನಲ್ಲ ಅನ್ನಲಿಕ್ಕೂ ಮನಸ್ಸು ಬಾರದಷ್ಟು ನೋವು.

ಇನ್ನೊಂದನ್ನು ಹೇಳದೆ ಇರಲಾರೆ. ಇದರಲ್ಲಿ ತಪ್ಪು ನನ್ನದು.

ಕ್ಲಿನಿಕ್ ಶುರು ಮಾಡಿದ ಮೊದಲ ವರ್ಷ. ಐದು ವರ್ಷದ ಹುಡುಗಿ ಜಗಲಿಯಿಂದ ಅಂಗಳಕ್ಕೆ ಮುಖ ಅಡಿಯಾಗಿ ಬಿದ್ದು, ಗದ್ದ ಸೀಳಿಕೊಂಡು ಬಂದಳು. ತೊಳೆದು ನಾಲ್ಕು ಹೊಲಿಗೆ ಹಾಕಿದೆ. ಹೊಲಿಗೆ ಚಂದ ಬಂದಿದೆ ಅಂತ ನನಗೇ ಹೆಮ್ಮೆ. ಒಂದು ವಾರಕ್ಕೆ ಬಿಚ್ಚಿದೆ, ಚಾಕಲೇಟು ಕೊಟ್ಟು ಕಳಿಸಿದೆ. ಬಾಯಿ ತೆರೆಸಿ ನೋಡಲಿಲ್ಲ.

ಮೂರು ವರ್ಷದ ಮೇಲೆ ಅದೇ ಅಮ್ಮ ಅದೇ ಮಗುವನ್ನು ಕರೆದುಕೊಂಡು ಬಂದರು. "ಅನ್ನ ಹಿಸುಕಿ ಬೆರಳಲ್ಲಿ ಒಳಗೆ ತಳ್ತಾಳೆ ಡಾಕ್ಟ್ರೇ. ದೋಸೆ ಹರಿದು ಚೂರು ಚೂರು ಮಾಡಿ ಕೊಡ್ಬೇಕು." ಮೂರು ಬೆರಳು ಬಿಡಿ, ಕಿರುಬೆರಳೂ ಹೋಗಲಿಲ್ಲ. ಸ್ಕೇಲು ಇಟ್ಟರೆ 4 ಮಿಲಿಮೀಟರ್. ಗದ್ದ ಹಿಂದಕ್ಕೆ ಸರಿದು ಮುಖವೇ ಹಕ್ಕಿಯ ಹಾಗೆ ಕಾಣುತ್ತಿತ್ತು. ರಾತ್ರಿ ಗೊರಕೆ, ಹಗಲು ತೂಕಡಿಕೆ. ಶಾಲೆಯಲ್ಲಿ ದಡ್ಡಿ ಎಂಬ ಹೆಸರೂ ಬಂದಾಗಿತ್ತು.

ಗದ್ದಕ್ಕೆ ಬಿದ್ದ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ದವಡೆಯ ಉದ್ದಕ್ಕೂ ಓಡಿ ಕಿವಿಯ ಮುಂದಿನ ಕೀಲಿಗೆ ಹೋಗಿ ಬಡಿಯುತ್ತದೆ. ಆ ಕೀಲಿನಲ್ಲಿ ಕೂರುವ ದವಡೆಯ ಗೂಟದಂಥ ತುದಿ ಮಕ್ಕಳಲ್ಲಿ ಮೆತ್ತಗೆ, ಒಡೆಯುತ್ತದೆ, ಕೀಲಿನೊಳಗೆ ರಕ್ತ ತುಂಬುತ್ತದೆ. ನೋವಿಗೆ ಹೆದರಿ ಮಗು ಬಾಯಿ ಆಡಿಸದಿದ್ದರೆ ಅದೇ ಗಟ್ಟಿಯಾಗಿ ಎಲುಬಾಗಿ, ದವಡೆ ತಲೆಬುರುಡೆಗೆ ಬೆಸೆದುಕೊಳ್ಳುತ್ತದೆ. ಕೆಳದವಡೆ ಬೆಳೆಯುವ ಜಾಗಗಳಲ್ಲಿ ಇದೂ ಒಂದು, ಹಾಗಾಗಿ ಬೆಳವಣಿಗೆಯೂ ಕುಂಠಿತ. ನಾನು ಅಂದು ಬೆರಳಿಡಿಸಿ ನೋಡಿ, ಕೀಲು ಆಡಿಸುವ ವ್ಯಾಯಾಮ ಹೇಳಿಕೊಟ್ಟು, ತಿಂಗಳಿಗೊಮ್ಮೆ ಬನ್ನಿ ಅಂದಿದ್ದರೆ ಬಹುಶಃ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಅಮ್ಮನಿಗೆ ಇದನ್ನು ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಎಂತ ಮಾಡುದು, ಅದು ಹೇಳಿ" ಅಂದರು.

ಆಪರೇಶನ್ ದೊಡ್ಡ ಆಸ್ಪತ್ರೆಯಲ್ಲಿ, ನನ್ನ ಗುರುಗಳ ಜತೆ ನಿಂತು ಮಾಡಿದ್ದು. ಕತ್ತಿಗಿಂತ ಮೊದಲಿನ ಕಷ್ಟ ಅರಿವಳಿಕೆಯದ್ದು. ಬಾಯಿಯೇ ತೆರೆಯದ ಮಗುವಿಗೆ ಉಸಿರಿನ ಕೊಳವೆ ಎಲ್ಲಿಂದ ಹಾಕುವುದು? ಮೂಗಿನ ಮೂಲಕ, ತುದಿಯಲ್ಲಿ ಬೆಳಕಿರುವ ಬಳುಕುವ ದುರ್ಬೀನಿನಲ್ಲಿ ದಾರಿ ನೋಡುತ್ತಾ ಇಳಿಸಿದರು. ಕಿವಿಯ ಮುಂದೆ ಕೊಯ್ದು ಒಳಗೆ ಹೋಗುವಾಗ ಹುಬ್ಬು ಎತ್ತುವ, ಕಣ್ಣು ಮುಚ್ಚುವ ನರದ ಎಳೆಗಳು ಅಲ್ಲೇ ಹಾದು ಹೋಗುತ್ತವೆ, ಅವನ್ನು ಬದಿಗೆ ಸರಿಸಿ ಕಾಪಾಡಬೇಕು. ಕೊರೆದು ತೆಗೆದ ಎಲುಬಿನ ಗಂಟು ಒಂದು ಗೋಟು ಅಡಿಕೆಯಷ್ಟಿತ್ತು. ಮತ್ತೆ ಬೆಸೆಯದ ಹಾಗೆ ಕಿವಿಯ ಮೇಲೆ ತಲೆಯ ಬದಿಯಲ್ಲಿರುವ ಸ್ನಾಯುವಿನ ಒಂದು ಪದರ ತಂದು ನಡುವೆ ಹಾಸಿದೆವು. ಮೇಜಿನ ಮೇಲೆಯೇ ಬಾಯಿ 34 ಮಿಲಿಮೀಟರ್ ತೆರೆಯಿತು.

ನಿಜವಾದ ಕೆಲಸ ಮರುದಿನದಿಂದ. ಐಸ್‌ಕ್ಯಾಂಡಿಯ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಡಬೇಕು, ದಿನಕ್ಕೆ ಐದಾರು ಸಲ. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ಮೊದಲ ದಿನ ಒಂಬತ್ತು ಕಡ್ಡಿಗೆ ಹುಡುಗಿ ಕಿರುಚಿದಳು. ಹತ್ತನೆಯದನ್ನು ನಡುವೆ ತೂರಿಸುವಾಗ ಅಮ್ಮ ಅಳುತ್ತಿದ್ದರು, ಕೈ ಮಾತ್ರ ನಡುಗಲಿಲ್ಲ. ಪ್ರತಿ ರಾತ್ರಿ ನನ್ನ ವಾಟ್ಸ್ಯಾಪಿಗೆ ಬರುತ್ತಿದ್ದದ್ದು ಬರೀ ಒಂದು ಅಂಕಿ. 11. 11. 10. 12. ಹತ್ತಕ್ಕೆ ಇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದು ವರ್ಷ ಹೀಗೆ ನಡೆಯಿತು. ಈಗ ಅವಳದ್ದೇ ಮೂರು ಬೆರಳು ಹೋಗುತ್ತದೆ, ಚಪಾತಿ ಸುತ್ತಿ ತಿನ್ನುತ್ತಾಳೆ. ಗದ್ದ ಮುಂದಕ್ಕೆ ತರುವ ಆಪರೇಶನ್ ಬಾಕಿ ಉಂಟು, ಬೆಳವಣಿಗೆ ಮುಗಿದ ಮೇಲೆ.

ಅಂದಿನಿಂದ ಗದ್ದ ಸೀಳಿ ಬಂದವರಿಗೆ ಸೂಜಿ ಹಿಡಿಯುವ ಮೊದಲೇ ಕಿವಿಯ ಮುಂದೆ ಬೆರಳೊತ್ತಿ, ಬಾಯಿ ತೆರೆಸಿ, "ಹಲ್ಲು ಮೊದಲಿನ ಹಾಗೇ ಕೂಡ್ತದಾ?" ಅಂತ ಕೇಳುತ್ತೇನೆ. ದೊಡ್ಡವರಿಗೂ ಈ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಮಳೆಗಾಲದಲ್ಲಿ ಮದ್ದು ಬಿಡಲು ಹತ್ತಿ ಅಡಿಕೆ ಮರದಿಂದ ಜಾರಿದವರು, "ಹಲ್ಲು ಒಂಚೂರು ಆಚೀಚೆ ಆಗಿದೆ" ಅಂದರೆ ಹೆಚ್ಚಾಗಿ ದವಡೆ ಮುರಿದಿರುತ್ತದೆ. ಹಿಂದೆ ನಾಲ್ಕೈದು ವಾರ ಹಲ್ಲಿಗೆ ಹಲ್ಲು ತಂತಿ ಕಟ್ಟಿ ಗಂಜಿ ತಿಳಿಯಲ್ಲಿ ಇಡುತ್ತಿದ್ದರು. ಫ್ರಾನ್ಸಿನ ಷಾಂಪಿ 1978ರಲ್ಲಿ ಸಣ್ಣ ತಗಡುಗಳನ್ನು ಯಾವ ಗೆರೆಯಲ್ಲಿ ಕೂರಿಸಬೇಕೆಂದು ತೋರಿಸಿದ ಮೇಲೆ ಅದು ಕಡಿಮೆಯಾಯಿತು. ಈಗ ಬಾಯಿಯ ಒಳಗಿನಿಂದಲೇ ಟೈಟಾನಿಯಂ ಪ್ಲೇಟು ಹಾಕುತ್ತೇವೆ, ಹೊರಗೆ ಕಲೆಯೂ ಇಲ್ಲ.

ಅಡಿಕೆಯ ವಿಷಯ ಬಂತು. ನನ್ನ ಎಂ.ಡಿ.ಎಸ್. ಫೀಸು ಕಟ್ಟಿದ್ದೇ ಅಪ್ಪನ ತೋಟದ ಅಡಿಕೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು, ಹೊಗೆಸೊಪ್ಪು ಇಲ್ಲದಿದ್ದರೂ ಸರಿ ಅಂತ. ಮನೆಯಲ್ಲಿ ಈ ಮಾತು ನಾನು ಎತ್ತುವುದಿಲ್ಲ. ಕ್ಲಿನಿಕ್ಕಿನಲ್ಲಿ ಎತ್ತದೆ ನಿರ್ವಾಹ ಇಲ್ಲ. ಇಪ್ಪತ್ತೆರಡರ ಹುಡುಗರು ಬರುತ್ತಾರೆ, ಎರಡು ಬೆರಳಿಗೆ ನಿಂತಿರುತ್ತದೆ. ಸಾರು ಉಂಡರೆ ಬಾಯೆಲ್ಲ ಉರಿ. ಕೆನ್ನೆಯ ಒಳಮೈ ಬಿಳಿಚಿಕೊಂಡು, ಬೆರಳಾಡಿಸಿದರೆ ಒಳಗೆ ಹುರಿ ಬಿಗಿದ ಹಾಗೆ ಪಟ್ಟಿಗಳು ಸಿಗುತ್ತವೆ. ಕೇರಳದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ, ಪ್ಯಾಕೆಟ್ಟು ಮಾತ್ರ ಜೇಬಿನಿಂದ ಇನ್ನೂ ಹೊರಬರುತ್ತದೆ. ಅಡಿಕೆ ಬಿಟ್ಟರೆ ಮುಂದೆ ಬಿಗಿಯುವುದು ನಿಲ್ಲಬಹುದು, ಬಿಗಿದದ್ದು ತಾನಾಗಿ ಸಡಿಲುವುದಿಲ್ಲ. ಮೊದಮೊದಲು ಇಂಜೆಕ್ಷನ್, ಅದೇ ಕಡ್ಡಿಯ ವ್ಯಾಯಾಮ. ತೀರಾ ಬಿಗಿದರೆ ಆ ಪಟ್ಟಿ ಕೊಯ್ದು, ಕೆನ್ನೆಯದೇ ಕೊಬ್ಬನ್ನು ತಂದು ಗಾಯಕ್ಕೆ ಹೊದಿಸುತ್ತೇವೆ. ಕೆಲವರಲ್ಲಿ ಇದೇ ಮುಂದೆ ಕ್ಯಾನ್ಸರ್ ಆಗುತ್ತದೆ. ಹಾಗಾಗಿ ಮೂರು ವಾರ ದಾಟಿದರೂ ಮಾಯದ ಹುಣ್ಣಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಬಿಡುವುದಿಲ್ಲ. ಒಬ್ಬ ಹುಡುಗನ ತಾಯಿ ನನ್ನನ್ನು ಚೆನ್ನಾಗಿ ಬಲ್ಲವರು. ಎಲ್ಲ ಕೇಳಿ, "ಅಡಿಕೆ ತಿನ್ಬೇಡ ಅಂತ ನೀವೇ ಹೇಳುದಾ ಡಾಕ್ಟ್ರೇ?" ಅಂದರು. ನಾನು ಚೀಟಿ ಬರೆಯುವುದರಲ್ಲಿ ಮುಳುಗಿದವನ ಹಾಗೆ ಇದ್ದೆ.

ಹಲ್ಲು ಕೀಳಿಸಲು ಬರುವವರು ಎರಡು ಸಂಗತಿ ನೆನಪಿಡಬೇಕು. ಎಲುಬು ಸವೆತಕ್ಕೆ ವರ್ಷಕ್ಕೊಮ್ಮೆ ಡ್ರಿಪ್ ಹಾಕಿಸಿಕೊಂಡಿದ್ದರೆ ಹೇಳಬೇಕು, ದವಡೆ ಎಲುಬು ಮಾಯದೆ ಕೊಳೆಯುವ ಅಪಾಯ ಉಂಟು. ರಕ್ತ ತೆಳುವಾಗುವ ಮಾತ್ರೆಯನ್ನು ನನಗಾಗಿ ತಾವೇ ನಿಲ್ಲಿಸಿ ಬರಬಾರದು. ಮಕ್ಕಳು ಬಿದ್ದು ಹೊಸ ಹಲ್ಲು ಬುಡಸಮೇತ ಕಳಚಿದರೆ ಬೇರು ಮುಟ್ಟದೆ ಹಾಲಿಗೆ ಹಾಕಿ ಓಡಿ ಬನ್ನಿ. ಅರ್ಧ ಗಂಟೆಯೊಳಗೆ ಬಂದರೆ ಒಳ್ಳೆಯದು. ಕಾಗದದಲ್ಲಿ ಸುತ್ತಿ ಮರುದಿನ ತಂದವರೂ ಉಂಟು.

ಬಾಯಿ ತೆರೆಯದವರ ಕತೆಯೇ ಆಯಿತು, ಮುಚ್ಚದವರೂ ಬರುತ್ತಾರೆ. ಒಂದು ರಾತ್ರಿ ಎರಡು ಗಂಟೆಗೆ ಮನೆ ಬಾಗಿಲು ಬಡಿದರು. ಊರ ಗದ್ದೆಯಲ್ಲಿ ಯಕ್ಷಗಾನ ನೋಡುತ್ತಾ ಕೂತ ಅಜ್ಜಿ ದೊಡ್ಡ ಆಕಳಿಕೆ ತೆಗೆದದ್ದೇ, ಬಾಯಿ ಹಾಗೇ ನಿಂತಿತ್ತು. ಮಾತಿಲ್ಲ, ಜೊಲ್ಲು ಸುರಿಯುತ್ತಿದೆ. ಮಗ ಪಕ್ಷವಾತ ಎಂದು ತಿಳಿದು ಬಿಳಿಚಿಹೋಗಿದ್ದ. ಕಿವಿಯ ಮುಂದೆ ಬೆರಳಿಟ್ಟೆ, ಎರಡೂ ಕಡೆ ಗುಳಿ. ಕೀಲು ಜಾರಿ ಮುಂದೆ ಹೋಗಿ ಕೂತಿತ್ತು. ಅಜ್ಜಿಯನ್ನು ಗೋಡೆಗೆ ತಲೆ ಆನಿಸಿ ಕುಳ್ಳಮಣೆಯಲ್ಲಿ ಕೂರಿಸಿ, ನನ್ನ ಎರಡೂ ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡೆ. ಕೀಲು ಕೂರುವ ಗಳಿಗೆಯಲ್ಲಿ ದವಡೆ ಫಕ್ಕನೆ ಮುಚ್ಚುತ್ತದೆ, ಕಲಿಯುವ ಕಾಲದಲ್ಲಿ ಒಮ್ಮೆ ಕಚ್ಚಿಸಿಕೊಂಡ ನೆನಪು ಚೆನ್ನಾಗಿತ್ತು. ಕೆಳಗಿನ ದವಡೆಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಮೊದಲು ಕೆಳಕ್ಕೆ ಒತ್ತಿದೆ, ಸ್ನಾಯು ಸೋಲುವವರೆಗೆ ಬಿಡದೆ. ಆಮೇಲೆ ಹಿಂದಕ್ಕೆ ತಳ್ಳಿದೆ. ಟಕ್ ಅಂದಿತು.

ಅಜ್ಜಿ ಎರಡು ಸಲ ಬಾಯಿ ಮುಚ್ಚಿ ತೆರೆದು ನೋಡಿದರು. ತಲೆಯಿಂದ ಗದ್ದಕ್ಕೆ ಪಟ್ಟಿ ಕಟ್ಟುತ್ತಾ, ಮೂರು ವಾರ ದೊಡ್ಡದಾಗಿ ಬಾಯಿ ತೆರೆಯಬೇಡಿ, ಆಕಳಿಕೆ ಬಂದರೆ ಗದ್ದದ ಅಡಿಗೆ ಕೈ ಕೊಡಿ ಅಂತ ಹೇಳುತ್ತಿದ್ದೆ. ಅವರ ಗಮನ ಮಗನ ಕಡೆ ಇತ್ತು.

"ಈಗ ಹೋದ್ರೆ ಮಹಿಷಾಸುರ ಬರುದು ಸಿಕ್ಕುದಾ?"