ಒಂದೇ ಬಗೆಯಾಗಿ ಕಾಣುವ ಚರ್ಮದ ಗಡ್ಡೆಗಳನ್ನು ಮಾರ್ಕರ್ ಬಣ್ಣಗಳಿಂದ ಬೇರ್ಪಡಿಸುವುದು ಹೇಗೆ?

ಚರ್ಮದಲ್ಲಿ ಗಟ್ಟಿಯಾಗಿ ಎದ್ದ ಗಂಟು ಡರ್ಮಟೊಫೈಬ್ರೋಮಾ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆ ಆಗಿದ್ದರೆ ಅದನ್ನು ಹಾಗೆಯೇ ಬಿಟ್ಟರೂ ಸಾಮಾನ್ಯವಾಗಿ ಅಪಾಯವಿಲ್ಲ. ಅದೇ ಗಂಟು ಡರ್ಮಟೊಫೈಬ್ರೊಸಾರ್ಕೋಮಾ ಪ್ರೊಟ್ಯುಬರನ್ಸ್ ಎಂಬ ಕ್ಯಾನ್ಸರ್ ಆಗಿದ್ದರೆ, ಕಣ್ಣಿಗೆ ಕಾಣುವ ಅಂಚಿನಾಚೆಗೂ ಹರಡಿಕೊಂಡಿರುವ ಕಾರಣ, ಸುತ್ತಲಿನ 2ರಿಂದ 3 ಸೆಂಟಿಮೀಟರಿನಷ್ಟು ಚರ್ಮವನ್ನೂ ಸೇರಿಸಿ ತೆಗೆಯಬೇಕಾಗಬಹುದು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಎರಡೂ ನೀಳವಾದ, ಎರಡು ತುದಿಗಳಲ್ಲಿ ಚೂಪಾದ ಜೀವಕೋಶಗಳ ಹೆಣಿಗೆಯಾಗಿಯೇ ತೋರುತ್ತವೆ. ಇಂಥಲ್ಲಿ ನೆರವಿಗೆ ಬರುವುದು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅಂಗಾಂಶದ ಮೇಲೆ ಹಾಕಿ, ಅದು ಎಲ್ಲಿ ಅಂಟಿದೆ ಎಂಬುದನ್ನು ಬಣ್ಣದಿಂದ ಗುರುತಿಸುವ ವಿಧಾನ ಇದು. ಹೀಗೆ ಗುರುತಿಸುವ ಪ್ರೋಟೀನನ್ನೇ ಮಾರ್ಕರ್ ಎನ್ನುತ್ತಾರೆ.

ಕೆಲಸ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಬಯಾಪ್ಸಿ ತೆಗೆಯುವ ಮೇಜಿನ ಮೇಲೆ. ಮೇಲ್ಪದರವನ್ನಷ್ಟೇ ಕೆರೆದು ತೆಗೆದ ತುಣುಕಿನಲ್ಲಿ, ಗಡ್ಡೆಯು ಕೆಳಗಿನ ಕೊಬ್ಬಿನೊಳಕ್ಕೆ ಹೇಗೆ ನುಗ್ಗಿದೆ ಎಂಬ ಬಹುಮುಖ್ಯ ಸುಳಿವೇ ಇರುವುದಿಲ್ಲ. ಆ ಕೊರತೆಯನ್ನು ಯಾವ ಮಾರ್ಕರ್ ಕೂಡ ತುಂಬಿಕೊಡಲಾರದು. ಆದ್ದರಿಂದ ಕೊಬ್ಬಿನ ಪದರ ಸೇರುವಷ್ಟು ಆಳವಾಗಿ ತುಣುಕು ತೆಗೆದು, ಅದರ ಗಾತ್ರದ ಸುಮಾರು ಹತ್ತುಪಟ್ಟು, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ತಡಮಾಡದೆ ಮುಳುಗಿಸಬೇಕು.

ಎರಡನೆಯದಾಗಿ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಎರಡು ಬಣ್ಣ ಹಾಕಿದ ಸಾಮಾನ್ಯ ಸ್ಲೈಡನ್ನು ತಾಳ್ಮೆಯಿಂದ ನೋಡಬೇಕು. ಡರ್ಮಟೊಫೈಬ್ರೋಮಾದ ಮೇಲಿನ ಹೊರಚರ್ಮ ಹೆಚ್ಚಾಗಿ ದಪ್ಪಗಾಗಿರುತ್ತದೆ, ಅಂಚಿನ ಜೀವಕೋಶಗಳು ಕಾಲಜನ್ ಎಂಬ ಪ್ರೋಟೀನಿನ ಎಳೆಗಳ ಗಂಟುಗಳನ್ನು ಸುತ್ತುವರಿದಿರುತ್ತವೆ. ಡರ್ಮಟೊಫೈಬ್ರೊಸಾರ್ಕೋಮಾ ಕೊಬ್ಬಿನ ಕಣಗಳ ನಡುವೆ ಹರಿದು ಜೇನುಗೂಡಿನಂಥ ಚಿತ್ರ ಮೂಡಿಸುತ್ತದೆ. ಇಷ್ಟು ನೋಡಿ ಅನುಮಾನದ ಪಟ್ಟಿಯನ್ನು ಬರೆದಿಟ್ಟುಕೊಂಡ ಮೇಲೆಯೇ ಮಾರ್ಕರ್‌ಗಳನ್ನು ಆರಿಸಬೇಕು. ಮಾರ್ಕರ್ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಪ್ರಶ್ನೆಯೇ ಇಲ್ಲದೆ ಹತ್ತಾರು ಬಣ್ಣ ಹಾಕಿಸುವ ಅಭ್ಯಾಸದಿಂದ ಗೊಂದಲ ಹೆಚ್ಚುತ್ತದೆ, ಚಿಕ್ಕ ತುಣುಕಾದರೆ ಅಂಗಾಂಶವೇ ಮುಗಿದುಹೋಗುತ್ತದೆ.

ಈ ಜೋಡಿಗೆ ಕೇಳಬೇಕಾದ ಮಾರ್ಕರ್‌ಗಳು ಸಿಡಿ34 ಮತ್ತು ಫ್ಯಾಕ್ಟರ್ 13ಎ. ಮೊದಲನೆಯದು ಡರ್ಮಟೊಫೈಬ್ರೊಸಾರ್ಕೋಮಾದಲ್ಲಿ ಗಡ್ಡೆಯ ತುಂಬ ಒಂದೇ ಸಮನೆ ಹಬ್ಬಿರುತ್ತದೆ. ಎರಡನೆಯದು ಡರ್ಮಟೊಫೈಬ್ರೋಮಾದಲ್ಲಿ ಎದ್ದು ಕಾಣುತ್ತದೆ. ಆದರೆ ಡರ್ಮಟೊಫೈಬ್ರೋಮಾದ ಅಂಚಿನಲ್ಲಿಯೂ ಸಿಡಿ34 ಕಾಣಿಸಿಕೊಳ್ಳಬಹುದು. ಹಾಗೆಯೇ, ಚರ್ಮದಲ್ಲಿ ಸಹಜವಾಗಿಯೇ ಇರುವ ಕವಲುಳ್ಳ ಜೀವಕೋಶಗಳು ಡರ್ಮಟೊಫೈಬ್ರೊಸಾರ್ಕೋಮಾದ ನಡುವೆ ಸಿಕ್ಕಿಕೊಂಡಿದ್ದರೆ ಫ್ಯಾಕ್ಟರ್ 13ಎ ಅವುಗಳಲ್ಲಿ ಮೂಡುತ್ತದೆ. ಬಣ್ಣ ಬಂದಿದೆಯೇ ಎಂದಷ್ಟೇ ನೋಡದೆ, ಯಾವ ಜೀವಕೋಶಕ್ಕೆ, ಗಡ್ಡೆಯ ಯಾವ ಭಾಗದಲ್ಲಿ ಬಂದಿದೆ ಎಂದು ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬಣ್ಣ ಹಾಕುವ ಕ್ರಮ ಹೀಗಿದೆ: ಮೇಣದಲ್ಲಿ ಹುದುಗಿಸಿದ ತುಣುಕಿನಿಂದ 3–4 ಮೈಕ್ರಾನ್ ದಪ್ಪದ ಪದರ ಕೊಯ್ದು, ಮೇಣ ಕರಗಿಸಿ, ಫಾರ್ಮಲಿನ್‌ನಿಂದ ಮರೆಯಾದ ಪ್ರೋಟೀನ್ ಗುರುತುಗಳನ್ನು ತೆರೆಯಲು ಸೂಕ್ತ ದ್ರಾವಣದಲ್ಲಿ ಬಿಸಿ ಮಾಡಬೇಕು. ಅಂಗಾಂಶದಲ್ಲಿರುವ ಪೆರಾಕ್ಸಿಡೇಸ್ ಕಿಣ್ವವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ತಡೆದು, ಮೊದಲ ಪ್ರತಿಕಾಯ, ಬಳಿಕ ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯ, ಕೊನೆಗೆ ಕಂದು ಬಣ್ಣ ಕೊಡುವ ಡಿಎಬಿ ಹಾಕಬೇಕು.

ಸ್ಲೈಡ್ ಕೈಗೆ ಬಂದಾಗ ಗಡ್ಡೆಯ ಕಡೆಗೆ ಆಮೇಲೆ ನೋಡಿ, ಮೊದಲು ನಿಯಂತ್ರಣಗಳನ್ನು, ಅಂದರೆ ಬಣ್ಣ ಮೂಡಲೇಬೇಕಾದ ಸಹಜ ಭಾಗಗಳನ್ನು, ನೋಡಿ. ಸಿಡಿ34 ಹಾಕಿದ್ದರೆ ರಕ್ತನಾಳಗಳ ಒಳಗೋಡೆಯೂ, ಎಸ್100 ಎಂಬ ಇನ್ನೊಂದು ಮಾರ್ಕರ್ ಹಾಕಿದ್ದರೆ ನರಗಳೂ ಬಣ್ಣ ಪಡೆದಿರಲೇಬೇಕು. ಅವೇ ಬಿಳುಚಿಕೊಂಡಿದ್ದರೆ ಗಡ್ಡೆಯ ‘ನೆಗೆಟಿವ್’ ಉತ್ತರಕ್ಕೆ ಬೆಲೆಯಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಮೆಲನಿನ್ ತುಂಬಿದ ಗಡ್ಡೆಯಲ್ಲಿ ಡಿಎಬಿಯ ಕಂದೂ ಮೆಲನಿನ್‌ನ ಕಂದೂ ಬೆರೆತುಹೋಗುವುದರಿಂದ ಅಲ್ಲಿ ಕೆಂಪು ವರ್ಣಕಾರಕ ಬಳಸುವುದು ಒಳ್ಳೆಯದು.

ಇನ್ನೂ ಕಠಿಣವಾದ ಸನ್ನಿವೇಶವೆಂದರೆ ವಯಸ್ಸಾದವರ ಬಿಸಿಲುಂಡ ತಲೆ, ಮುಖಗಳಲ್ಲಿ ಏಳುವ ನೀಳ ಜೀವಕೋಶಗಳ ಗಡ್ಡೆ. ಅದು ಸ್ಕ್ವೇಮಸ್ ಕಾರ್ಸಿನೋಮಾ (ಹೊರಚರ್ಮದ ಕ್ಯಾನ್ಸರ್), ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್), ಲಿಯೋಮಯೋಸಾರ್ಕೋಮಾ (ನಯ ಸ್ನಾಯುವಿನ ಕ್ಯಾನ್ಸರ್) ಅಥವಾ ಎಟಿಪಿಕಲ್ ಫೈಬ್ರೊಜಾಂಥೋಮಾ ಆಗಿರಬಹುದು. ಮೊದಲನೆಯದಕ್ಕೆ ಪಿ40 ಮತ್ತು ಅಧಿಕ ಅಣುತೂಕದ ಕೆರಾಟಿನ್, ಎರಡನೆಯದಕ್ಕೆ ಎಸ್100 ಮತ್ತು ಸಾಕ್ಸ್10, ಮೂರನೆಯದಕ್ಕೆ ಡೆಸ್ಮಿನ್ ಮತ್ತು ಸ್ನಾಯು ಆಕ್ಟಿನ್ ಎಂಬ ಮಾರ್ಕರ್‌ಗಳು ಬೇಕು. ನಾಲ್ಕನೆಯದಕ್ಕೆ ತನ್ನದೇ ಆದ ಗುರುತಿಲ್ಲ. ಉಳಿದ ಮೂರನ್ನೂ ತಳ್ಳಿಹಾಕಿದ ಮೇಲಷ್ಟೇ ಆ ಹೆಸರು ಬರೆಯಬಹುದು. ಸಿಡಿ10 ಅದರಲ್ಲಿ ಗಾಢವಾಗಿ ಮೂಡುವುದು ನಿಜವಾದರೂ ಇತರ ಗಡ್ಡೆಗಳಲ್ಲಿಯೂ ಮೂಡುತ್ತದೆ. ದಟ್ಟ ನಾರಿನ ಅಂಗಾಂಶದ ನಡುವೆ ಬೆಳೆಯುವ ಡೆಸ್ಮೋಪ್ಲಾಸ್ಟಿಕ್ ಮೆಲನೋಮಾದಲ್ಲಿ, ಮೆಲನೋಮಾದ ಇತರ ಮಾರ್ಕರ್‌ಗಳಾದ ಎಚ್‌ಎಂಬಿ45 ಮತ್ತು ಮೆಲಾನ್-ಎ ಎರಡೂ ಅನೇಕ ವೇಳೆ ಮೂಡುವುದೇ ಇಲ್ಲ. ಅವೆರಡನ್ನೇ ನಂಬಿ ಮೆಲನೋಮಾ ಅಲ್ಲವೆಂದು ಬರೆದುಬಿಟ್ಟರೆ ರೋಗಿಯ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಬಣ್ಣಗಳೂ ಸಾಮಾನ್ಯ ಸ್ಲೈಡೂ ಪರಸ್ಪರ ಒಪ್ಪದಿದ್ದರೆ ಬಣ್ಣದ ಮಾತನ್ನೇ ಕೊನೆಯದೆಂದು ಹಿಡಿಯಬಾರದು. ಡರ್ಮಟೊಫೈಬ್ರೊಸಾರ್ಕೋಮಾ ಹೆಚ್ಚು ಆಕ್ರಮಣಕಾರಿಯಾದ ಫೈಬ್ರೊಸಾರ್ಕೋಮಾದತ್ತ ತಿರುಗಿದ ಭಾಗದಲ್ಲಿ ಸಿಡಿ34 ಮಸುಕಾಗಬಹುದು, ಇಲ್ಲವೇ ಮಾಯವಾಗಬಹುದು. ಆಗ 17 ಮತ್ತು 22ನೇ ವರ್ಣತಂತುಗಳ ನಡುವಿನ ಅದಲುಬದಲಿನಿಂದ ಹುಟ್ಟುವ ಸಿಒಎಲ್1ಎ1–ಪಿಡಿಜಿಎಫ್‌ಬಿ ಜೀನ್ ಬೆಸುಗೆಯನ್ನು ಹೊಳೆಯುವ ಗುರುತುಗಳಿಂದ ಜೀನ್‌ಗಳ ಜಾಗ ತೋರಿಸುವ ಫಿಶ್ ಪರೀಕ್ಷೆಯಲ್ಲಿ ಹುಡುಕಬೇಕು. ಅದಕ್ಕೆ ಬೇಕಾಗುವ ಬಣ್ಣ ಹಾಕದ ಕೆಲವು ಪದರಗಳನ್ನು ಮೊದಲ ದಿನವೇ ಕೊಯ್ದು ತೆಗೆದಿರಿಸಬೇಕು.